ಡಾಕ್ಟರ್ ಮೇರಿ ವಾಕರಳ ಗೌರವಪದಕ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸೈನಿಕನಿಗೆ ದೊರೆಯಬಹುದಾದ ಪುರಸ್ಕಾರಗಳಲ್ಲೆಲ್ಲ ಮಿಗಿಲಾದುದು 'ಮೆಡಲ್ ಆಫ್ ಆನರ್' ಎಂಬ ಗೌರವಪದಕ. ಉತ್ತರ ದಕ್ಷಿಣ ಸಂಸ್ಥಾನಗಳಿಗೆ ಘೋರವಾದ ಅಂತರ್ಯುದ್ಧವು ನಡೆಯುತ್ತಿದ್ದಾಗ, ೧೮೬೨ನೆಯ ಇಸವಿ ಜುಲೈ ತಿಂಗಳಲ್ಲಿ, ಭೂಸೈನ್ಯದ ಸಾಮಾನ್ಯ ಸಿಪಾಯಿಗಳಿಗೋಸ್ಕರ ಅದನ್ನು ಏರ್ಪಡಿಸಿದರು. ಮರುವರ್ಷ ಸನ್ನದು ಪಡೆದ ಅಧಿಕಾರಿಗಳಿಗೂ ವಿಸ್ತರಿಸಿದರು. ಈವರೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಸಲ ಕೊಟ್ಟಿರುವ ಆ ಪದಕವನ್ನು ಪಡೆದ ಹೆಂಗಸು ಒಬ್ಬಳೇ. ಆಕೆಯೇ ಡಾಕ್ಟರ್ ಮೇರಿ ಎಡ್ವರ್ಡ್ಸ್ ವಾಕರ್. ಆಕೆಗೆ ಪದಕವನ್ನು ೧೮೬೫ರಲ್ಲಿ ಕೊಟ್ಟರು; ೧೯೧೭ರಲ್ಲಿ ಪಟ್ಟಿಯಿಂದ ಹೆಸರನ್ನು ಹೊಡೆದುಹಾಕಿದರು; ೧೯೭೭ರಲ್ಲಿ ಮತ್ತೆ ಬರೆದುಕೊಂಡರು. ಆಕೆ ಯುದ್ಧದಲ್ಲಿ ಮಾಡಿದ ಕೆಲಸವನ್ನು ಈ ನೂರಹನ್ನೆರಡು ವರ್ಷಗಳಲ್ಲಿ ಸರ್ಕಾರವು ಒಮ್ಮೆಯೂ ಅಲ್ಲಗಳೆಯಲಿಲ್ಲ. ಆಕೆ ಸೈನ್ಯದವಳೋ ಅಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ ದಫ್ತರದ ಬರವಣಿಗೆ ಮಾತ್ರ ಹಿಂದೆ ಮುಂದೆ ಓಡಾಡಿತು.

ಮೇರಿ ವಾಕರಳು ಹುಟ್ಟಿದ್ದು ೧೮೩೨ನೆಯ ನವೆಂಬರು ೨೬ರಂದು, ನ್ಯೂಯಾರ್ಕ್ ಸಂಸ್ಥಾನದ ಆಸ್ವಿಗೊ ಊರಿನ ಬಳಿಯ ಒಂದು ಒಕ್ಕಲು ಮನೆಯಲ್ಲಿ. ತಂದೆತಾಯಿಗಳು ಸ್ವತಂತ್ರ ವಿಚಾರದವರು, ಗುಲಾಮಗಿರಿಯ ವಿರೋಧಿಗಳು. ಸೊಂಟವನ್ನು ಬಿಗಿದು ಉಸಿರುಗಟ್ಟಿಸುವ ಆ ಕಾಲದ ಹೆಂಗಸರ ಉಡುಪು ಆರೋಗ್ಯಕ್ಕೆ ಕೆಡಕೆಂದು ತಿಳಿದು, ಹೆಣ್ಣುಮಕ್ಕಳಿಗೆ ಅದನ್ನು ತೊಡಿಸದೆ ಬೆಳೆಸಿದರು. ಮೇರಿ ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿ, ಆ ಹಣದಿಂದ ಸಿರಕ್ಯೂಸ್ ವೈದ್ಯಕಾಲೇಜಿನಲ್ಲಿ ಓದಿ, ೧೮೫೫ರಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ತರಗತಿಯಲ್ಲಿ ಆಕೆಯೊಬ್ಬಳೇ ಹೆಂಗಸು. ಅದೇ ವರ್ಷ ಸಹಪಾಠಿಯಾಗಿದ್ದ ಒಬ್ಬ ವೈದ್ಯನನ್ನು ಮದುವೆಯಾದಳು. ಮದುವೆಯ ದಿನವೂ ಗಿಡ್ಡ ಲಂಗದ ಕೆಳಗೆ ಷರಾಯಿಯನ್ನು ತೊಟ್ಟಿದ್ದಳು. ಗಂಡನಿಗೆ ವಿಧೇಯಳಾಗಿರುವೆನೆಂಬ ಮಾತನ್ನು ಉಚ್ಚರಿಸಲಿಲ್ಲ. ತನ್ನ ಹೆಸರನ್ನೂ ಬದಲಾಯಿಸಲಿಲ್ಲ. ದಂಪತಿಗಳು ರೋಮ್ ಎಂಬ ಊರಿನಲ್ಲಿ ವೈದ್ಯವೃತ್ತಿಯನ್ನು ತೊಡಗಿದರಾದರೂ ಹೆಂಗಸಿನ ಕೈಯಲ್ಲಿ ಔಷಧ ತೆಗೆದುಕೊಳ್ಳುವ ರೋಗಿಗಳು ಹೆಚ್ಚಾಗಿ ಬರಲಿಲ್ಲ. ದಾಂಪತ್ಯವೂ ಬಹುಕಾಲ ನಿಲ್ಲಲಿಲ್ಲ.

೧೮೬೧ರಲ್ಲಿ ಯುದ್ಧ ಆರಂಭವಾದ ಕೂಡಲೆ ಆಕೆ ವಾಷಿಂಗ್ಟನ್ನಿಗೆ ಹೋಗಿ, ಸೈನ್ಯದ ಶಸ್ತ್ರವೈದ್ಯಳಾಗಿ ತನಗೆ ಸನ್ನದು ಕೊಡಬೇಕೆಂದು ಅರ್ಜಿ ಮಾಡಿದಳು. ಅರ್ಜಿ ನಿರಾಕೃತವಾಯಿತು. ದಾದಿಯಾಗಿ ಬರುವುದಾದರೆ ಅಭ್ಯಂತರವಿರಲಿಲ್ಲ. ವೈದ್ಯಳಾಗಿ ಮಾತ್ರ ಬೇಡ. ಪೇಟೆಂಟ್ ಕಚೇರಿಯ ಕಟ್ಟಡದಲ್ಲಿ ತಾತ್ಕಾಲಿಕವಾಗಿ ತೆರೆದಿದ್ದ ಆಸ್ಪತ್ರೆಯಲ್ಲಿ ಆಕೆ ಸಂಬಳವಿಲ್ಲದೆ ಕೆಲಸಕ್ಕೆ ನಿಂತಳು. ೧೮೬೨ರಲ್ಲಿ ವರ್ಜೀನಿಯದ ವಾರೆಂಟನ್, ಫ್ರೆಡರಿಕ್ಸ್‌ಬರ್ಗ್ ಮೊದಲಾದ ಕಡೆಗಳಲ್ಲಿ ಗಾಯಾಳುಗಳ ಆರೈಕೆ ಮಾಡಿದಳು. ಆಗಿನ ಶಸ್ತ್ರವೈದ್ಯರಿಗೆ ಕೈಕಾಲುಗಳನ್ನು ಕತ್ತರಿಸುವುದರಲ್ಲಿ ವಿಪರೀತವಾದ ತ್ವರೆ ಇದ್ದಿತು. ಅನಾವಶ್ಯಕವೆಂದು ತೋರಿದಲ್ಲಿ ಒಪ್ಪಬೇಡಿರೆಂದು ಆಕೆ ಸಿಪಾಯಿಗಳಿಗೆ ಗುಟ್ಟಾಗಿ ಹೇಳಿಕೊಡುತ್ತಿದ್ದಳು. ಇದರಿಂದ ಮೇಲಿನ ವೈದ್ಯರ ಪ್ರೀತಿ ಸಂಪಾದನೆಯಾಗುವಂತಿರಲಿಲ್ಲ.

೧೮೬೩ರ ಸೆಪ್ಟೆಂಬರಿನಲ್ಲಿ ಚಿಕಮಾಗ ಎಂಬಲ್ಲಿ ನಡೆದ ಯುದ್ಧದಲ್ಲಿ ಉತ್ತರದವರಿಗೆ ಅಪಾರವಾದ ನಷ್ಟವಾಯಿತು. ಅನಂತರ ಕಂಬರ್ಲೆಂಡ್ ಸೈನ್ಯದ ದಳಪತಿಯಾದ ಜಾರ್ಜ್ ಥಾಮಸನು, ಒಹಾಯೊ ಸಂಸ್ಥಾನದ ೫೨ನೆಯ ಕಾಲಾಳು ಪಟಾಲಮಿನಲ್ಲಿ ತೆರವಾಗಿದ್ದ ಸಹಾಯಕ ಶಸ್ತ್ರವೈದ್ಯನ ಜಾಗಕ್ಕೆ ಆಕೆಯನ್ನು ನೇಮಿಸಿದನು. ಆಕೆ ಅಧಿಕಾರಿಗಳ ಉಡುಪನ್ನು ತನಗೆ ಹೊಂದುವಂತೆ ಹೊಲಿಸಿಕೊಂಡು, ಶಸ್ತ್ರವೈದ್ಯರ ಗುರುತಾದ ಹಸುರು ನಡುಪಟ್ಟಿಯನ್ನು ಕಟ್ಟಿಕೊಂಡಳು. ಚಟ್ಟನೂಗದ ವೈದ್ಯಮಂಡಲಿಯು ಆಕೆಯನ್ನು ಪರೀಕ್ಷೆಗೆ ಕರೆದು ಅಯೋಗ್ಯಳೆಂದು ಅಭಿಪ್ರಾಯ ಕೊಟ್ಟಿತು. ಈಕೆಗಿರುವ ವೈದ್ಯಜ್ಞಾನವು ಸಾಧಾರಣ ಗೃಹಿಣಿಗಿರುವುದಕ್ಕಿಂತ ಹೆಚ್ಚಿನದಲ್ಲವೆಂದು ಅದರಲ್ಲಿದ್ದವನೊಬ್ಬನು ಬರೆದಿಟ್ಟಿದ್ದಾನೆ. ಆ ಪರೀಕ್ಷೆ ಎಷ್ಟು ನಿಷ್ಪಕ್ಷಪಾತವಾಗಿದ್ದಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಹೇಗೂ ಥಾಮಸನು ತನ್ನ ಆಜ್ಞೆಯನ್ನು ಹಿಂದೆಗೆದುಕೊಳ್ಳಲಿಲ್ಲ. ಆದರೆ ಕೊಟ್ಟದ್ದು ಸನ್ನದಲ್ಲ, ಕರಾರು. ಸೈನ್ಯದ ಜೊತೆಯಲ್ಲಿರುವ, ಸೈನ್ಯಕ್ಕೆ ಸೇರದ ವೈದ್ಯಳೆಂಬ ಈ ಸ್ಥಿತಿ ಆಗ ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ.

೧೮೬೪ರ ಚಳಿಗಾಲದಲ್ಲಿ ಜಾರ್ಜಿಯದ ಗಾರ್ಡನ್ಸ್ ಮಿಲ್ಸ್ ಎಂಬಲ್ಲಿ ಪಟಾಲಮು ಬೀಡುಬಿಟ್ಟಿದ್ದಿತು. ಸುತ್ತಲಿನ ಹಳ್ಳಿಗಳಲ್ಲಿ ಯುದ್ಧದಿಂದ ಜನರು ಅನ್ನ ಔಷಧಗಳಿಲ್ಲದೆ ನರಳುತ್ತಿದ್ದರು. ಅಲ್ಲಿನ ವೈದ್ಯರೆಲ್ಲರೂ ದಕ್ಷಿಣದ ಸೈನ್ಯದೊಡನೆ ಹೋಗಿಬಿಟ್ಟಿದ್ದರು. ಮೇರಿ ವಾಕರಳು ಕುದುರೆ ಏರಿ, ಕಾವಲಿನ ಸಾಲನ್ನು ದಾಟಿ, ಶತ್ರುಪ್ರದೇಶದ ಮನೆಮನೆಗೂ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದಳು. ಇದರ ಜೊತೆಗೆ ಬೇಹಿನ ಕೆಲಸವನ್ನೂ ಮಾಡುತ್ತಿದ್ದಳೆಂದು ಹೇಳುವವರುಂಟು. ಏಪ್ರಿಲು ೧೦ರಂದು ದಕ್ಷಿಣದ ಪಹರೆಯವರು ಆಕೆಯನ್ನು ಹಿಡಿದು ರಿಚ್ಮಂಡ್ ನಗರಕ್ಕೆ ಕಳುಹಿಸಿದರು. ಅಲ್ಲಿ ಹೊಗೆಸೊಪ್ಪಿನ ಮಳಿಗೆಯೊಂದನ್ನು ಸೆರೆಮನೆ ಮಾಡಿ 'ಕ್ಯಾಸಲ್ ಥಂಡರ್' ಎಂದು ಕರೆಯುತ್ತಿದ್ದರು. ನಾಲ್ಕು ತಿಂಗಳು ಅದರಲ್ಲಿ ಕಳೆದು, ಆಗಸ್ಟ್ ೧೨ರಂದು ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದಳು. ಆಕೆಯ ಬದಲಿಗೆ ದಕ್ಷಿಣದವರಿಗೆ ಹಿಂದಿರುಗಿಸಿದ್ದು ಅವರ ಶಸ್ತ್ರವೈದ್ಯನೊಬ್ಬನನ್ನು. ವೈದ್ಯನಿಗೆ ವೈದ್ಯಳನ್ನು ಸರಿಸಮವಾಗಿ ತೂಗಿದರೆಂಬ ಹೆಮ್ಮೆ ಆಕೆಗೆ ಕಡೆಯವರೆಗೂ ಉಳಿಯಿತು. ಸೆರೆಯಲ್ಲಿ ಕೆಟ್ಟ ಕಣ್ಣುಗಳೂ ಹಾಗೆಯೇ ಉಳಿದವು. ಆಕೆಯನ್ನು ಕೆಲಸದಲ್ಲಿ ಕಣ್ಣಾರೆ ಕಂಡಿದ್ದ ಕರ್ನಲ್ ಡಾನಿಯಲ್ ಮಕೂಕನು ಈ ನಡುವೆ ಕೆನೆಸಾ ಬೆಟ್ಟದ ಯುದ್ಧದಲ್ಲಿ ಗಾಯಗೊಂಡು ಜುಲೈ ತಿಂಗಳಲ್ಲಿ ಮಡಿದಿದ್ದನು. ಮುಂದೆ ಸಾಕ್ಷ್ಯ ಹೇಳಬೇಕಾದವರಲ್ಲಿ ಮುಖ್ಯನಾದವನು ಹೀಗೆ ಇಲ್ಲವಾದನು.

ಬಿಡುಗಡೆಯಾದ ಮೇಲೆ ತಿಂಗಳಿಗೆ ನೂರು ಡಾಲರಿನ ಸಂಬಳದ ಮೇಲೆ ಮತ್ತೊಂದು ಕರಾರಾಯಿತು. ಲೂಯಿವಿಲ್ಲಿನ ಹೆಂಗಸರ ಸೆರೆಮನೆಯ ಆಸ್ಪತ್ರೆಯಲ್ಲಿಯೂ, ಟೆನೆಸಿಯ ಒಂದು ಅನಾಥಾಲಯದಲ್ಲಿಯೂ ಕೆಲಸ ಮಾಡುತ್ತಿರುವಾಗ ಯುದ್ಧವು ಮುಗಿಯಿತು.

ಯುದ್ಧ ಮುಗಿದ ಕೂಡಲೆ ಮೇರಿ ವಾಕರಳು ಕೇಳಿದ್ದು ಪದಕವನ್ನಲ್ಲ. ತನಗೆ ಮೇಜರ್ ದರ್ಜೆಯನ್ನು ಗೌರವಾರ್ಥವಾಗಿಯಾದರೂ ಕೊಟ್ಟು, ತಾನು ಸೈನ್ಯದ ಶಸ್ತ್ರವೈದ್ಯಳಾಗಿದ್ದೆನೆಂಬುದನ್ನು ದಾಖಲೆಯಲ್ಲಿ ಸೇರಿಸಬೇಕೆಂದು ಕೇಳಿದಳು. ಥಾಮಸ್, ಷರ್ಮನ್ ಇಬ್ಬರು ದಳಪತಿಗಳೂ ಆಕೆಯ ಪರವಾಗಿ ಬರೆದರು. ಯುದ್ಧಮಂತ್ರಿಯಾದ ಸ್ಟಾಂಟನನು ಸೈನ್ಯದ ಮುಖ್ಯ ನ್ಯಾಯಾಧಿಕಾರಿ ಜೋಸೆಫ್ ಹೋಲ್ಟನ ಅಭಿಪ್ರಾಯವನ್ನು ಕೇಳಿದನು. ಸನ್ನದಿಲ್ಲದವರಿಗೆ ಗೌರವದರ್ಜೆ ಕೊಡುವುದಕ್ಕೆ ಕಾಯಿದೆಯಲ್ಲಿ ಅವಕಾಶವಿಲ್ಲ, ಆದರೂ ಈಕೆಯ ಸೇವೆಯನ್ನು ಯಾವುದಾದರೊಂದು ರೀತಿಯಲ್ಲಿ ಮನ್ನಿಸುವುದು ಉಚಿತ, ಎಂಬ ಅರ್ಥದಲ್ಲಿ ಅವನ ಉತ್ತರವಿದ್ದಿತು. ಇದಕ್ಕೆ ದಾರಿಯಾಗಿ ಗೌರವಪದಕವನ್ನು ಕೊಡಬೇಕೆಂದು ಅಧ್ಯಕ್ಷ ಆಂಡ್ರೂ ಜಾನ್ಸನನು ೧೮೬೫ರ ನವೆಂಬರು ೧೧ರಂದು ಆಜ್ಞಾಪತ್ರಕ್ಕೆ ರುಜು ಹಾಕಿದನು. ಸನ್ನದಿಲ್ಲದ ಕಾರಣದಿಂದ ದರ್ಜೆಯನ್ನು ಕೊಡಲಾಗಲಿಲ್ಲವೆಂಬುದನ್ನು ಆ ಪತ್ರದಲ್ಲಿಯೇ ಸ್ಪಷ್ಟವಾಗಿ ನಮೂದಿಸಿದ್ದಾರೆ. ಎಂದರೆ ಆಕೆ ಸನ್ನದು ಪಡೆದವಳಲ್ಲವೆಂಬುದು ಯಾರೂ ಮುಚ್ಚಿಟ್ಟ ಸಂಗತಿಯಲ್ಲ; ಅದನ್ನು ತಿಳಿದೇ, ಅದಕ್ಕಾಗಿಯೇ, ಪದಕವನ್ನು ಕೊಟ್ಟರು. ಮುಂದಿನ ಕಥೆಗೆ ಇದು ಮುಖ್ಯವಾದ ಸಂಗತಿ.

ಅನಂತರದ ಐವತ್ತು ವರ್ಷಗಳಲ್ಲಿ ಆಕೆ ಹೆಂಗಸರ ಮತಾಧಿಕಾರಕ್ಕಾಗಿಯೂ ಉಡುಪಿನ ಸುಧಾರಣೆಗಾಗಿಯೂ ಊರೂರು ತಿರುಗಿ ಭಾಷಣ ಮಾಡಿದಳು. ಎರಡು ಪುಸ್ತಕಗಳನ್ನು ಬರೆದಳು. ಗಂಡಸಿನ ಉಡುಪು ತೊಟ್ಟಳೆಂದು ಒಂದಕ್ಕಿಂತ ಹೆಚ್ಚು ಸಲ ಪೋಲೀಸರ ಕೈಗೆ ಸಿಕ್ಕಿದಳು. ಕೆಟ್ಟ ಕಣ್ಣುಗಳಿಗೆಂದು ಸರ್ಕಾರವು ಮೊದಲು ತಿಂಗಳಿಗೆ ಎಂಟೂವರೆ ಡಾಲರು, ಬಹುಕಾಲ ಜಗ್ಗಾಡಿದ ಮೇಲೆ ಇಪ್ಪತ್ತು ಡಾಲರು ಪೆನ್ಷನು ಕೊಟ್ಟಿತು. ಪತ್ರಿಕೆಗಳವರಿಗೆ ಆಕೆಯು ನಗೆಪಾಟಲಿನ ವಸ್ತು. ಆಕೆಯ ಸ್ವಭಾವವೂ ಸೌಮ್ಯವಾದುದಲ್ಲ. ಸ್ತ್ರೀಪಕ್ಷದ ಮುಂದಾಳುಗಳೊಡನೆಯೇ ಜಗಳವಾಡಿ ದೂರವಾದಳು. ಕರಿಯ ಕೋಟಿನ ಮೇಲೆ ಪದಕವನ್ನು ಮಾತ್ರ ಬಿಡದೆ ಧರಿಸುತ್ತಿದ್ದಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪದಕದ ಆಕಾರವನ್ನು ಬದಲಾಯಿಸಿ ಹೊಸದನ್ನು ಕೊಟ್ಟಾಗ ಹಳೆಯದು ಹೊಸದು ಎರಡನ್ನೂ ಧರಿಸತೊಡಗಿದಳು. ಎಂದರೆ ೧೯೦೭ರ ಸುಮಾರಿನಲ್ಲಿಯೂ ಸರ್ಕಾರದ ದೃಷ್ಟಿಯಲ್ಲಿ ಆಕೆ ಪದಕಕ್ಕೆ ಅರ್ಹಳಾಗಿಯೇ ಇದ್ದಳು.

ಹೆಸರು ಹೊಡೆದುಹಾಕುವ ಪ್ರಸಂಗವು ಬಂದದ್ದು ಹೀಗೆ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಬೇರಾವ ಪದಕವೂ ಇರಲಿಲ್ಲವಾದ್ದರಿಂದ ಇದನ್ನು ಧಾರಾಳವಾಗಿ ಹಂಚಿದ್ದರು. ಇದಕ್ಕೆ ಮೇಯ್ನ್ ಸಂಸ್ಥಾನದ ೨೭ನೆಯ ಪಟಾಲಮಿನ ಕಥೆಗಿಂತ ಬೇರೆ ನಿದರ್ಶನ ಬೇಡ. ೧೮೬೩ರ ಜೂನಿನಲ್ಲಿ, ಶತ್ರುಸೈನ್ಯವು ಉತ್ತರಕ್ಕೆ ನುಗ್ಗಿ ಬರುತ್ತಿದ್ದ ಸಮಯದಲ್ಲಿಯೇ, ಆ ಪಟಾಲಮಿನವರ ಒಂಬತ್ತು ತಿಂಗಳ ಅವಧಿ ಮುಗಿಯಿತು. ರಾಜಧಾನಿಯ ರಕ್ಷಣೆಗೆ ಇನ್ನಷ್ಟು ದಿನ ನಿಂತವರಿಗೆ ಪದಕ ಕೊಡುವೆವೆಂದು ಸ್ಟಾಂಟನನು ಮಾತು ಕೊಟ್ಟನು. ನಿಂತವರು ಸುಮಾರು ೩೦೦ ಜನ. ಆದರೆ ಕಚೇರಿಯ ಗುಮಾಸ್ತರ ಪ್ರಮಾದದಿಂದ ಪಟ್ಟಿಯಲ್ಲಿದ್ದ ೮೬೪ ಜನರಿಗೂ ಪದಕಗಳು ತಯಾರಾದವು! ಊರಿಗೆ ಹೊರಟುಹೋದವನ ಹೆಸರೂ ನಿಂತವನ ಹೆಸರೂ ಒಂದೇ ಲೋಹದ ಮೇಲೆ ಕೊರೆಯಲ್ಪಟ್ಟವು. ನಿಂತವರ ಸರಿಯಾದ ಪಟ್ಟಿ ಸಿಕ್ಕದೆ, ಪಟಾಲಮಿನ ಕರ್ನಲನು ಉಳಿದ ಪದಕಗಳನ್ನು ಹಂಚದೆ ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳಬೇಕಾಯಿತು.

೧೯೧೬ರ ಏಪ್ರಿಲಿನಲ್ಲಿ ಕಾಂಗ್ರೆಸ್ ಎಂಬ ಆ ದೇಶದ ಶಾಸನಸಭೆಯು, ಅರವತ್ತೈದು ವರ್ಷ ತುಂಬಿದ ಪದಕಧಾರಿಗಳಿಗೆ ತಿಂಗಳಿಗೆ ಹತ್ತು ಡಾಲರು ಕೊಡಬೇಕೆಂದು ವಿಧಿಸಿತು. ಜೂನಿನಲ್ಲಿ ಮತ್ತೊಂದು ಕಾಯಿದೆಯ ೧೨೨ನೆಯ ಕಲಮಿನಿಂದ, ಅದುವರೆಗೆ ಭೂಸೈನ್ಯದಲ್ಲಿ ಕೊಟ್ಟಿದ್ದ ೨,೬೨೫ ಪದಕಗಳನ್ನೂ ಪರಿಶೀಲಿಸುವುದಕ್ಕೆ ನಿವೃತ್ತರಾದ ಐವರು ಜನರಲರ ಮಂಡಲಿಯನ್ನು ನೇಮಿಸಿತು. ಅದರ ಅಧ್ಯಕ್ಷನು ನೆಲ್ಸನ್ ಮೈಲ್ಸ್. ಚಾನ್ಸಲರ್ಸ್‌ವಿಲ್ ಯುದ್ಧಕ್ಕಾಗಿ ತಾನೇ ಪದಕವನ್ನು ಪಡೆದವನು. ದಾಕ್ಷಿಣ್ಯಕ್ಕೆ ಎಡೆಯಾಗದಿರಲೆಂದು ಹೆಸರುಗಳನ್ನು ಮರೆಮಾಡಿ ಅಂಕಿಗಳಿಂದ ಗುರುತಿಸಿದ ಕಾಗದಗಳನ್ನು ಮಂಡಲಿಯ ಮುಂದಿಟ್ಟರು. ೧೯೧೭ರ ಫೆಬ್ರುವರಿಯ ಹೊತ್ತಿಗೆ ೯೧೧ ಹೆಸರುಗಳು ಹೊಡೆದುಹೋದವು: ಮೇಯ್ನ್ ಪಟಾಲಮಿನ ೮೬೪, ಲಿಂಕನ್ನನ ಶವದ ಜೊತೆ ಹೋದ ಕಾವಲುಗಾರರು ೨೯, ಸೈನ್ಯದ ಪಟ್ಟಿಯಲ್ಲಿಲ್ಲದ ಅಸೈನಿಕರು ೬, ಉಳಿದವರು ೧೨. ಆ ಆರು ಮಂದಿಯಲ್ಲಿ ಒಬ್ಬಳು ಮೇರಿ ವಾಕರ್. ಉಳಿದ ಐವರು ಸೈನ್ಯಕ್ಕೆ ದಾರಿ ತೋರಿಸಿದ ಬೇಹಿನವರು. 'ಬಫಲೋ ಬಿಲ್' ಎಂದು ಲೋಕಪ್ರಸಿದ್ಧನಾದ ವಿಲಿಯಂ ಕೋಡಿ ಅವರಲ್ಲೊಬ್ಬ. ಅವನು ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದನು. ಐವರಲ್ಲಿ ಡಿಕ್ಸನ್, ಚಾಪ್ಮನ್ ಇವರಿಗೆ ೧೮೭೪ರಲ್ಲಿ ಪದಕವನ್ನು ಕೊಡಿಸಿದವನು ಮೈಲ್ಸನೇ. ತಾನು ಶಿಫಾರಸು ಮಾಡಿದವರ ಹೆಸರುಗಳನ್ನು ತಾನೇ ಹೊಡೆಯಬೇಕಾಗಿ ಬಂದಿತು.

ಮಂಡಲಿಯ ಪಕ್ಷವನ್ನೂ ಇಲ್ಲಿ ಹೇಳುವುದು ನ್ಯಾಯ. ಕಾಯಿದೆಯಲ್ಲಿ ಅಧಿಕಾರಿಗಳು, ಸಿಪಾಯಿಗಳು ಎಂದಿದೆಯೇ ಹೊರತು ಅಸೈನಿಕರ ಮಾತಿಲ್ಲ. ರಣದಲ್ಲಿ ತೋರಿದ ಪರಾಕ್ರಮ ಎಂದಿದೆ. ಜಾನ್ಸನನ ಆಜ್ಞಾಪತ್ರದಲ್ಲಿ ಆಕೆಯ ಶ್ರಮ, ನಿಷ್ಠೆ, ಸೆರೆವಾಸಗಳ ವರ್ಣನೆಯುಂಟು. ಯುದ್ಧರಂಗದ ಯಾವುದೊಂದು ಸಾಹಸವನ್ನೂ ಎತ್ತಿ ಹೇಳಿಲ್ಲ. ಅಕ್ಷರವನ್ನು ಹಿಡಿದು ನೋಡಿದರೆ ಮಂಡಲಿ ಮಾಡಿದ್ದು ತಪ್ಪೆಂದು ಹೇಳುವುದು ಕಷ್ಟ. ಆದರೆ ಆ ಅಕ್ಷರವು ಎಲ್ಲರಿಗೂ ಒಂದೇ ಆಗಿರಲಿಲ್ಲ. ೧೮೮೬ರಲ್ಲಿ ಜೆರೊನಿಮೊ ಎಂಬ ಅಪಾಚೆ ನಾಯಕನನ್ನು ಹಿಂಬಾಲಿಸಿದ ದಂಡಿನಲ್ಲಿದ್ದ ಲೆನರ್ಡ್ ವುಡ್ಡನು ವಾಕರಳಂತೆಯೇ ಕರಾರಿನ ವೈದ್ಯನಾಗಿದ್ದನು. ಅವನ ಪದಕವನ್ನು ಮಂಡಲಿಯು ಮುಟ್ಟಲಿಲ್ಲ. ವುಡ್ಡನು ೧೯೧೦ರಿಂದ ೧೯೧೪ರವರೆಗೆ ಇಡೀ ಭೂಸೈನ್ಯದ ಮುಖ್ಯಾಧಿಕಾರಿಯಾಗಿದ್ದವನು. ಹೆಸರನ್ನು ಮುಚ್ಚಿಟ್ಟ ಕಾಗದಗಳಲ್ಲಿಯೂ ಕೆಲವು ಹೆಸರುಗಳು ಹೇಗೋ ಕಾಣುತ್ತಿದ್ದವೆಂದು ಸಂಶಯಪಡುವವರನ್ನು ಆಕ್ಷೇಪಿಸುವಂತಿಲ್ಲ.

ಇದಕ್ಕಿಂತ ಆಳವಾದ ಅನ್ಯಾಯವು ಇನ್ನೊಂದುಂಟು. ವಾಕರಳಿಗೆ ಸನ್ನದು ಏಕಿರಲಿಲ್ಲ? ೧೮೬೧ರಲ್ಲಿ ಕೇಳಿದಾಗ ಕೊಡಲಿಲ್ಲ. ೧೮೬೫ರಲ್ಲಿ ಕೇಳಿದಾಗಲೂ ಕೊಡಲಿಲ್ಲ. ಹೆಂಗಸೆಂಬ ಕಾರಣದಿಂದ ಯಾವ ಕಾಗದವನ್ನು ಸರ್ಕಾರವು ಕೊಡದೆ ಹೋಯಿತೋ, ಆ ಕಾಗದವು ಇವಳ ಬಳಿ ಇಲ್ಲವೆಂಬುದನ್ನೇ ಐವತ್ತು ವರ್ಷಗಳ ಮೇಲೆ ಸರ್ಕಾರವು ಆಕೆಗೆ ವಿರುದ್ಧವಾದ ಪ್ರಮಾಣವಾಗಿ ಎತ್ತಿ ಹಿಡಿಯಿತು.

ಪಟ್ಟಿಯಿಂದ ಹೆಸರು ಹೋದವರು ಪದಕವನ್ನು ಧರಿಸುವುದು ಹೊಸ ಕಾಯಿದೆಯಂತೆ ಅಪರಾಧವಾಗಿದ್ದಿತು. ಎಂಬತ್ತನಾಲ್ಕು ವರ್ಷದ ಮೇರಿ ವಾಕರಳು ಎರಡು ಪದಕಗಳನ್ನೂ ಮೊದಲಿನಂತೆಯೇ ಧರಿಸಿಕೊಂಡು ತಿರುಗಿದಳು. ಆಕೆಯನ್ನು ಹಿಡಿಯುವ ಸಾಹಸಕ್ಕೆ ಯಾರೂ ಹೋಗಲಿಲ್ಲ. ೧೯೧೭ರಲ್ಲಿಯೇ ವಾಷಿಂಗ್ಟನ್ನಿನ ಶಾಸನಭವನದ ಮೆಟ್ಟಲುಗಳ ಮೇಲೆ ಜಾರಿಬಿದ್ದ ಆಕೆ ಮತ್ತೆ ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. ೧೯೧೯ರ ಫೆಬ್ರುವರಿ ೨೧ರಂದು ಆಸ್ವಿಗೊದಲ್ಲಿ ಕಾಲವಾದಳು. ಕರಿಯ ಕೋಟು ಷರಾಯಿಗಳಲ್ಲಿಯೇ ಸಮಾಧಿ ಮಾಡಿದರು. ಅಮೆರಿಕದ ಹೆಂಗಸರಿಗೆಲ್ಲ ಮತಾಧಿಕಾರವು ಬಂದದ್ದು ಮರುವರ್ಷ.

ಆ ಕಾಲದಲ್ಲಿ ಸೈನ್ಯದ ದಾಖಲೆಯಲ್ಲಿ ತಪ್ಪಿದ್ದರೆ ಅದನ್ನು ತಿದ್ದಿಸಿಕೊಳ್ಳುವುದಕ್ಕೆ ಒಬ್ಬ ಹಳೆಯ ಸಿಪಾಯಿಗೆ ಇದ್ದ ದಾರಿ ವಿಚಿತ್ರವಾದುದು. ಶಾಸನಸಭೆಯ ಸದಸ್ಯನೊಬ್ಬನನ್ನು ಹಿಡಿದು, ತನ್ನೊಬ್ಬನ ಹೆಸರಿನಲ್ಲಿ ಒಂದು ಖಾಸಗಿ ಮಸೂದೆಯನ್ನು ತರಿಸಿ, ಅದನ್ನು ಎರಡು ಸಭೆಗಳಲ್ಲಿಯೂ ಅಂಗೀಕಾರ ಮಾಡಿಸಬೇಕಾಗಿದ್ದಿತು. ದೊಡ್ಡವರ ಪರಿಚಯವಿಲ್ಲದವನಿಗೆ ಇದು ಗಗನಕುಸುಮ. ಎರಡನೆಯ ಮಹಾಯುದ್ಧದ ತರುವಾಯ ಇಂತಹ ಮನವಿಗಳು ಮಿತಿಮೀರಲು, ೧೯೪೬ರ ಕಾಯಿದೆಯೊಂದರಿಂದ ಶಾಸನಸಭೆಯು ಈ ಖಾಸಗಿ ಮಸೂದೆಗಳನ್ನು ನಿಷೇಧಿಸಿ, ತಪ್ಪನ್ನು ತಿದ್ದುವ ಅಥವಾ ಅನ್ಯಾಯವನ್ನು ನೀಗಿಸುವ ಅಧಿಕಾರವನ್ನು ಸೈನ್ಯ ಇಲಾಖೆಗಳ ಮಂತ್ರಿಗಳಿಗೆ ಕೊಟ್ಟಿತು. ಅವರು ಅಸೈನಿಕರ ಮಂಡಲಿಗಳ ಮೂಲಕವೇ ಅದನ್ನು ನಡೆಸಬೇಕೆಂದು ವಿಧಿಸಿತು. 'ತಪ್ಪು' ಎಂಬುದರ ಪಕ್ಕದಲ್ಲಿ 'ಅನ್ಯಾಯ' ಎಂಬ ಮಾತನ್ನು ಸೇರಿಸಿದವರು ಯಾರೋ ದೂರದೃಷ್ಟಿಯುಳ್ಳವರಾಗಿರಬೇಕು. ತಪ್ಪು ತಿಳಿದುಬಂದ ಮೂರು ವರ್ಷದೊಳಗೆ ಅರ್ಜಿ ಬರಬೇಕೆಂದು ನಿಯಮವಿದ್ದರೂ, ನ್ಯಾಯದೃಷ್ಟಿಯಿಂದ ಅವಶ್ಯವೆನಿಸಿದಲ್ಲಿ ಮಂಡಲಿಯು ಆ ಅವಧಿಯನ್ನು ಮನ್ನಿಸಬಹುದು.

ಈ ಮಂಡಲಿಗಳ ಮುಂದೆ ಬರುವವರಲ್ಲಿ ಅನೇಕರು ಪ್ರಸಿದ್ಧರಲ್ಲ. ಬಿಡುಗಡೆಯ ಪತ್ರದಲ್ಲಿ ತಮಗೆ ಸಲ್ಲಬೇಕಾದ ಒಂದೆರಡು ಪದಕಗಳ ಹೆಸರು ಬಿಟ್ಟುಹೋಗಿದೆಯೆಂದು ಮುಪ್ಪಿನಲ್ಲಿ ಕಂಡುಕೊಂಡವರು ಅವರು. ೧೯೭೩ರ ಜುಲೈ ೧೨ರಂದು ಸೇಂಟ್ ಲೂಯಿ ನಗರದ ಸೈನಿಕ ದಫ್ತರದ ಕಟ್ಟಡಕ್ಕೆ ಬೆಂಕಿ ಬಿದ್ದು, ಒಂದೂಮುಕ್ಕಾಲು ಕೋಟಿಯ ಸುಮಾರು ಕಡತಗಳು ಸುಟ್ಟುಹೋದವು. ೧೯೧೨ರಿಂದ ೧೯೬೦ರವರೆಗೆ ಭೂಸೈನ್ಯದಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ನಷ್ಟವಾದವು. ಅವುಗಳಿಗೆ ಪ್ರತಿಗಳಿರಲಿಲ್ಲ. ಅಂದಿನಿಂದ ಎಷ್ಟೋ ಮುದುಕರು ಸಂಬಳದ ಪಟ್ಟಿ, ಪಟಾಲಮಿನ ದಿನವರದಿ, ಪೆಟ್ಟಿಗೆಯ ತಳದ ಹಳೆಯ ಆಜ್ಞಾಪತ್ರ, ಜೊತೆಗಾರನ ಸಾಕ್ಷ್ಯ ಇವುಗಳನ್ನು ಒಟ್ಟುಮಾಡಿ ತಮ್ಮ ಯೌವನವನ್ನು ಸರ್ಕಾರಕ್ಕೆ ಮತ್ತೆ ರುಜುವಾತು ಮಾಡಬೇಕಾಗಿ ಬಂದಿದೆ. ಅವರ ಕಷ್ಟವು ಕಾಗದವಿಲ್ಲದೆ ಬಂದದ್ದು. ಮೇರಿ ವಾಕರಳ ಕಾಗದಗಳಿಗೆ ಯಾವ ಕೇಡೂ ಆಗಿರಲಿಲ್ಲ. ಕರಾರು, ಸೇನಾಪತಿಗಳ ಪತ್ರ, ಅಧ್ಯಕ್ಷನ ರುಜು ಎಲ್ಲವೂ ಕ್ಷೇಮವಾಗಿದ್ದವು.

ಅವನ್ನು ಹೊರತೆಗೆಸಿದವಳು ಆಕೆಯ ವಂಶದ ಒಬ್ಬ ಹೆಣ್ಣುಮಗಳು. ಆಕೆಯ ವರ್ಷಗಟ್ಟಲೆಯ ಪ್ರಯತ್ನದ ಮೇಲೆ ಭೂಸೈನ್ಯದ ದಾಖಲೆ ತಿದ್ದುಪಡಿಯ ಮಂಡಲಿಯು ವಿಚಾರಣೆಯನ್ನು ಕೈಗೆತ್ತಿಕೊಂಡಿತು. ಹೆಸರು ಹೋಗಿ ಅರುವತ್ತು ವರ್ಷ, ಅರ್ಜಿದಾರಳು ಸತ್ತು ಐವತ್ತೆಂಟು ವರ್ಷ. ಆದರೂ ಅವಧಿಯ ಮಾತು ಅಡ್ಡಬರಲಿಲ್ಲ. ಆಕೆಯ ಧೈರ್ಯ, ಸ್ವಾರ್ಥತ್ಯಾಗ, ದೇಶನಿಷ್ಠೆಗಳನ್ನು ಮಂಡಲಿಯು ಎತ್ತಿ ಹೇಳಿ, ಹೆಂಗಸೆಂಬ ಕಾರಣದಿಂದ ಆಕೆಗೆ ಭೇದ ತೋರಿದ್ದು ಕಂಡುಬರುತ್ತದೆಂದೂ ಒಪ್ಪಿಕೊಂಡಿತು. ೧೯೭೭ರ ಜೂನ್ ೧೦ರಂದು ಹೆಸರು ಮತ್ತೆ ಪಟ್ಟಿಗೆ ಬಂದಿತು. ಅಧ್ಯಕ್ಷ ಕಾರ್ಟರನೇ ಪದಕವನ್ನು ಹಿಂದಕ್ಕೆ ಕೊಟ್ಟನೆಂದು ಅನೇಕ ಕಡೆ ಬರೆದಿದ್ದಾರೆ. ಕೆಲಸ ನಡೆದದ್ದು ಅವನ ಅಧಿಕಾರಾವಧಿಯಲ್ಲಿ ನಿಜ, ನಡೆಸಿದ್ದು ಈ ಮಂಡಲಿ ಮತ್ತು ಸೈನ್ಯ ಇಲಾಖೆ. ಅಕ್ಷರಾರ್ಥವನ್ನೇ ಹಿಡಿಯುವ ಕೆಲವು ಪಂಡಿತರು ಇದನ್ನು ಈಗಲೂ ಒಪ್ಪುವುದಿಲ್ಲ. ಹನ್ನೆರಡು ವರ್ಷಗಳ ಮೇಲೆ, ೧೯೮೯ರಲ್ಲಿ, ಕೋಡಿ ಮೊದಲಾದ ಐವರ ಹೆಸರುಗಳನ್ನೂ ಅದೇ ಮಂಡಲಿಯು ಪಟ್ಟಿಗೆ ಸೇರಿಸಿತು. ಮೇಯ್ನ್ ಪಟಾಲಮಿನವರದು ಹೋದದ್ದು ಹೋಯಿತು. ರಾಜಧಾನಿಯನ್ನು ಕಾಯಲು ನಿಂತ ಆ ೩೦೦ ಜನರದೂ ಸಹ.

೧೯೮೨ರಲ್ಲಿ ಆಕೆಯ ಚಿತ್ರವಿರುವ ಅಂಚೆಚೀಟಿ ಬಂದಿತು. ೨೦೨೪ರಲ್ಲಿ ಕಾಲು ಡಾಲರಿನ ನಾಣ್ಯ. ೨೦೨೩ರ ಆಗಸ್ಟಿನಲ್ಲಿ ವರ್ಜೀನಿಯದ ಒಂದು ದೊಡ್ಡ ಸೈನಿಕ ಠಾಣ್ಯಕ್ಕೆ, ಅದುವರೆಗಿದ್ದ ದಕ್ಷಿಣದ ದಳಪತಿ ಹಿಲ್ಲನ ಹೆಸರನ್ನು ತೆಗೆದು 'ಫೋರ್ಟ್ ವಾಕರ್' ಎಂದು ಹೆಸರಿಟ್ಟರು. ಅದು ಎರಡು ವರ್ಷವೂ ತುಂಬಾ ನಿಲ್ಲಲಿಲ್ಲ. ೨೦೨೫ರಲ್ಲಿ ಅದೇ ಅಂತರ್ಯುದ್ಧದಲ್ಲಿ ಗೌರವಪದಕ ಪಡೆದ ಆಂಡರ್ಸನ್, ಪಿನ್, ಹಿಲ್ ಎಂಬ ಬೇರೆ ಮೂವರ ಹೆಸರಿನಲ್ಲಿ, ಹಳೆಯ ಹೆಸರಿನ ಧ್ವನಿಯೂ ಉಳಿಯುವಂತೆ, ಠಾಣ್ಯದ ಹಲಗೆಯನ್ನು ಬದಲಾಯಿಸಿದರು. ಪದಕದ ಪಟ್ಟಿಯಲ್ಲಿ ಮಾತ್ರ ವಾಕರಳ ಹೆಸರು ೧೯೭೭ರಿಂದ ಹಾಗೆಯೇ ಇದೆ. ಆ ವರ್ಷದ ತೀರ್ಪು ಪದಕಕ್ಕೆ ಸಂಬಂಧಪಟ್ಟದ್ದು. ೧೮೬೫ರಲ್ಲಿ ಆಕೆ ಮೊದಲು ಕೇಳಿದ ಮೇಜರ್ ದರ್ಜೆಯ ಮಾತು ಅದರಲ್ಲಿ ಬರಲಿಲ್ಲ.